ಮೂಗಿನ ಬಾಗಿಲು

ಹೋದ ತಿಂಗಳು ನಮ್ಮ ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಗ್ಯಾಸಿನ ಪೈಪು ಸಡಿಲಾಗಿತ್ತು. ನಾನು ನಾಲ್ಕನೆಯ ತರಗತಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೂಗು ಹಿಡಿದುಕೊಂಡು ಎದ್ದು ನಿಂತು, "ಟೀಚರ್, ಹೊಲಸು ವಾಸನಿ ಬರಾಕತ್ತೈತ್ರಿ" ಅಂದಳು. ಅವಳ ಹಿಂದೆಯೇ ಇನ್ನೊಬ್ಬಳು ಎದ್ದಳು. ಅಷ್ಟರಲ್ಲಿ ಅಡುಗೆಯವಳೂ ಕೂಗಿಕೊಂಡಳು. ಒಂದು ನಿಮಿಷದೊಳಗೆ ಮಕ್ಕಳೆಲ್ಲ ಬಯಲಿಗೆ ಬಂದಿದ್ದರು. ಯಾರೋ ಸಿಲಿಂಡರ್ ಬಂದ್ ಮಾಡಿದರು, ಯಾರೋ ಕಿಟಕಿ ತೆಗೆದರು. ಏನೂ ಆಗಲಿಲ್ಲ. ಮಕ್ಕಳು ಬೇವಿನ ಮರದ ಕೆಳಗೆ ಒಬ್ಬರನ್ನೊಬ್ಬರು ನೂಕಾಡುತ್ತ ನಗುತ್ತಿದ್ದರು. ನಾನು ಮಾತ್ರ ಗೋಡೆ ಹಿಡಿದು ಕೂತುಬಿಟ್ಟೆ. ಕೊಳೆತ ಉಳ್ಳಾಗಡ್ಡಿಯಂಥ ಆ ವಾಸನೆ... ಅದು ನನಗೆ ಒಬ್ಬ ಮನುಷ್ಯನನ್ನು ನೆನಪಿಗೆ ತಂದಿತ್ತು. ಹದಿನೆಂಟು ವರ್ಷಗಳ ಹಿಂದೆ ಲಿಂಗಸುಗೂರಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಡ್ರಿಲ್ ಮಾಸ್ತರನನ್ನು.

ಹಿರಿಯರ ಬಗ್ಗೆ, ಅದರಲ್ಲೂ ಸತ್ತ ಹಿರಿಯರ ಬಗ್ಗೆ ಬರೆಯುವಾಗ 'ಅವರು' ಎನ್ನಬೇಕು ಎಂದು ಮಕ್ಕಳಿಗೆ ನಾನೇ ಕಲಿಸುತ್ತೇನೆ. ಇಲ್ಲಿ ಮಾತ್ರ ಅದು ನನ್ನಿಂದ ಆಗುವುದಿಲ್ಲ. ಪ್ರಯತ್ನ ಮಾಡಿ ನೋಡಿದೆ, ಪೆನ್ನು ಮುಂದೆ ಹೋಗಲಿಲ್ಲ.

ಅವನು ಹೈಸ್ಕೂಲಿನಲ್ಲಿ ಹುಡುಗರಿಗೆ ಡ್ರಿಲ್ ಮಾಡಿಸಿ ನಿವೃತ್ತನಾದವನು. ಅರವತ್ತು ದಾಟಿದ್ದರೂ ಎದೆ ಸೆಟೆಸಿಕೊಂಡೇ ನಡೆಯುತ್ತಿದ್ದ. ಹಣೆ ತುಂಬ ವಿಭೂತಿ, ಬಿಳಿ ಬನಿಯನ್ನು, ಬಿಳಿ ಲುಂಗಿ, ಕೊರಳಲ್ಲಿ ರುದ್ರಾಕ್ಷಿ, ರುದ್ರಾಕ್ಷಿಯ ಪಕ್ಕದಲ್ಲೇ ಒಂದು ಸೀಟಿ. ಹೌದು, ಹುಡುಗರನ್ನು ಓಡಿಸುತ್ತಿದ್ದ ಅದೇ ಸ್ಟೀಲಿನ ಸೀಟಿ. ನಿವೃತ್ತಿಯ ಮೇಲೆ ಹುಡುಗರು ಹೋಗಿದ್ದರು, ಅವರ ಬದಲು ಗಂಡಸರು ಸಿಕ್ಕಿದ್ದರು. ದಿನಾ ಬೆಳಿಗ್ಗೆ ಆರಕ್ಕೆ ಅವನ ಮಾಳಿಗೆಯ ಮೇಲೆ ತಗಡಿನ ನೆರಳಲ್ಲಿ ಹತ್ತು ಹನ್ನೆರಡು ಜನ ಪದ್ಮಾಸನ ಹಾಕಿ ಕೂಡುತ್ತಿದ್ದರು. ಒಂದು ಸೀಟಿಗೆ ಕಣ್ಣು ಮುಚ್ಚಬೇಕು, ಎರಡನೆಯದಕ್ಕೆ ಉಸಿರು ಹಿಡಿಯಬೇಕು, ಮೂರನೆಯದಕ್ಕೆ ಒಳಗೆ ಶಿವನನ್ನು ಕಾಣಬೇಕು. ಪರಮಶಿವನೂ ಅವನ ಲೆಕ್ಕಕ್ಕೆ ಏಳನೆಯ ತರಗತಿಯ ಹುಡುಗನೇ. ಸೀಟಿ ಊದಿದರೆ ಸಾಲಿಗೆ ಬಂದು ನಿಲ್ಲಬೇಕು.

ಅವನು ಹೇಳಿಕೊಡುತ್ತಿದ್ದ ವಿದ್ಯೆ ಇಂದ್ರಿಯ ನಿಗ್ರಹ. ದೇಹವೆಂಬ ಮನೆಗೆ ಐದು ಬಾಗಿಲು, ಒಂದೊಂದೇ ಮುಚ್ಚುತ್ತ ಹೋದರೆ ಒಳಗೆ ದೀಪ ತಾನಾಗಿ ಹತ್ತುತ್ತದೆ, ಇಷ್ಟೇ ಅವನ ವೇದಾಂತ. ಮೊದಲು ನಾಲಿಗೆ, ಆಮೇಲೆ ಕಿವಿ, ಕಣ್ಣು, ಮೈ, ಕೊನೆಗೆ ಮೂಗು. ವ್ರತ ನೇಮಗಳನ್ನು ನಾನು ಹಂಗಿಸುತ್ತಿಲ್ಲ. ನನ್ನಪ್ಪನೂ ಸೋಮವಾರ ಒಪ್ಪತ್ತು ಮಾಡುತ್ತಿದ್ದ, ಲಿಂಗಪೂಜೆ ಮುಗಿಯುವ ತನಕ ಒಂದು ಗುಟುಕು ನೀರು ಮುಟ್ಟುತ್ತಿರಲಿಲ್ಲ. ಆದರೆ ಮಂಗಳವಾರ ಬೆಳಿಗ್ಗೆ ಅವ್ವ ಬಿಸಿರೊಟ್ಟಿ ಮುಂದಿಟ್ಟರೆ ಅದರ ಹಬೆಯನ್ನು ಮೂಸಿ ಮಕ್ಕಳಂತೆ ನಗುತ್ತಿದ್ದ. ಹಸಿವನ್ನು ಕಟ್ಟಿಹಾಕಲು ಬರುತ್ತಿದ್ದವನಿಗೆ ಅದನ್ನು ಬಿಚ್ಚಿಬಿಡಲೂ ಬರುತ್ತಿತ್ತು. ಮಾಸ್ತರನ ಕಡೆ ಕಟ್ಟುವ ಹಗ್ಗ ಮಾತ್ರ ಇತ್ತು.

ಅವನ ಹತ್ತಿರ ನನ್ನ ಗಂಡನನ್ನು ಕಳಿಸಿದವಳು ನಾನೇ. ಇದನ್ನು ಬರೆಯದೆ ಮುಂದೆ ಹೋದರೆ ಸುಳ್ಳಾಗುತ್ತದೆ. ಆಗ ನಮ್ಮ ಮದುವೆಯಾಗಿ ಎರಡು ವರ್ಷ. ನಾನು ಮಸ್ಕಿಯ ಶಾಲೆಯಲ್ಲಿ ಟೀಚರ್, ದಿನಾ ಲಿಂಗಸುಗೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಗಂಡನಿಗೆ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ. ಬಾಯ್ತುಂಬ ಮಾತಾಡುವ, ಬಾಯ್ತುಂಬ ಉಣ್ಣುವ ಮನುಷ್ಯ. ಸಂಜೆ ಅಂಗಡಿಯಿಂದ ಬರುವಾಗ ಮಂಡಾಳು ಒಗ್ಗರಣಿ, ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದು, "ಬಾ ಬಾ, ಆರಿ ಹೋಗತೈತಿ" ಎಂದು ಬಾಗಿಲಿನಿಂದಲೇ ಕರೆಯುತ್ತಿದ್ದ. ಇದ್ದದ್ದು ಒಂದೇ ಚಟ, ಗುಟಖಾ. ಹಲ್ಲು ಕೆಂಪಾಗಿ, ಬಾಯಿ ಪೂರ್ತಿ ತೆಗೆಯಲು ಬಾರದಂತಾಗುತ್ತಿತ್ತು. ನನಗೆ ದಿಗಿಲು. ಪಕ್ಕದ ಮನೆಯ ಮಾಸ್ತರ್ ಎಂಥೆಂಥವರ ಚಟ ಬಿಡಿಸಿದ್ದಾರೆಂದು ಓಣಿಯವರು ಹೇಳಿದರು. ಒಂದು ಬೆಳಿಗ್ಗೆ ಗಂಡನನ್ನು ಎಬ್ಬಿಸಿ, ಕೈಯಲ್ಲಿ ತೆಂಗಿನಕಾಯಿ ಕೊಟ್ಟು, ನಾನೇ ಮಾಸ್ತರನ ಮೆಟ್ಟಿಲ ತನಕ ಬಿಟ್ಟು ಬಂದೆ.

ನಲವತ್ತು ದಿನಕ್ಕೆ ಗುಟಖಾ ಬಿಟ್ಟಿತು. ನಾನು ಮಾಸ್ತರನ ಮನೆಗೆ ಹೋಗಿ ಹೊಸ್ತಿಲಿಗೆ ಹಣೆ ಹಚ್ಚಿ ಬಂದೆ. ಆ ಹೊಸ್ತಿಲಿನ ಧೂಳು ನನ್ನ ಹಣೆಗೆ ಹತ್ತಿದ್ದು ನೆನೆದರೆ ಇವತ್ತಿಗೂ ಕೈ ತಾನಾಗಿ ಹಣೆ ಒರೆಸುತ್ತದೆ.

ಗುಟಖಾದ ಹಿಂದೆ ಚಹಾ ಹೋಯಿತು. ಆಮೇಲೆ ಖಾರ, ಆಮೇಲೆ ಉಪ್ಪು. ನಾನು ಮಾಡಿದ ಪಲ್ಯವನ್ನು ಗಂಡ ನೀರಿನಲ್ಲಿ ತೊಳೆದು ತಿನ್ನತೊಡಗಿದ. ಕಿವಿಯ ಬಾಗಿಲು ಮುಚ್ಚುವಾಗ ರೇಡಿಯೊ ಕಪಾಟಿಗೆ ಹೋಯಿತು, ನನ್ನ ಮಾತಿಗೆ ತಲೆದೂಗುವುದೂ ನಿಂತಿತು. ಕಣ್ಣಿನ ಬಾಗಿಲಿಗೆ, ನಾನು ಹೊಸ ಸೀರೆ ಉಟ್ಟರೆ ನೆಲ ನೋಡುತ್ತಿದ್ದ. ನಾಲ್ಕನೆಯ ಬಾಗಿಲಿಗೆ ತನ್ನ ಗಾದಿ ಸುತ್ತಿಕೊಂಡು ಪಡಸಾಲೆಗೆ ಹೋದ.

ನನಗೆ ಆಗ ಇಪ್ಪತ್ತಾರು. ನನಗೆ ಕೂಸು ಬೇಕಿತ್ತು. ಕೂಸಿಗಿಂತ ಮೊದಲು ಗಂಡ ಬೇಕಿದ್ದ. ಆ ಮಾತನ್ನು ಈಗ ನಲವತ್ತೈದರ ಹತ್ತಿರ ಬಂದು ಬರೆಯುತ್ತಿದ್ದೇನೆ, ಆಗ ಯಾರ ಮುಂದೆ ಹೇಳಲಿ? ತವರಿನಲ್ಲಿ ಹೇಳಿದರೆ, "ಕುಡಿಯಂಗಿಲ್ಲ, ಬಡಿಯಂಗಿಲ್ಲ, ದೇವರಂಥ ಗಂಡ, ಮತ್ತೇನ್ ಬೇಕ ನಿನಗ?" ಎನ್ನುತ್ತಿದ್ದರು. ಎಂಟು ತಿಂಗಳು ಕಾದೆ. ಕೊನೆಗೆ ಒಂದು ಭಾನುವಾರ ಮಾಸ್ತರನ ಮನೆಗೇ ಹೋದೆ.

ಹೆಂಗಸರು ಬಂದರೆ ಮಾಸ್ತರ ಕುರ್ಚಿ ತಿರುಗಿಸಿಕೊಂಡು ಗೋಡೆ ನೋಡುತ್ತ ಕೂಡುತ್ತಿದ್ದ. ಅವನೆದುರಿಗೆ ಗೋಡೆಯಲ್ಲಿ ಒಂದು ಕ್ಯಾಲೆಂಡರು. ನನ್ನ ಬಾಳಿನ ಅತಿ ಸಂಕಟದ ಮಾತನ್ನು ನಾನು ಅವನ ಬೆನ್ನಿಗೆ ಹೇಳಿದೆ, ಅವನು ಕ್ಯಾಲೆಂಡರಿಗೆ ಉತ್ತರ ಕೊಟ್ಟ.

"ಮಾಸ್ತರ್, ನಾ ವ್ರತ ಬ್ಯಾಡ ಅನ್ನಾಕ ಬಂದಿಲ್ರಿ. ಎಷ್ಟ ದಿನ ಅಂತ ಹೇಳ್ರಿ. ನಾ ಕಾಯ್ತೀನಿ."

"ದಿನಾ ಎಣಿಸೋದ ಆಸೆ ತಂಗಿ. ಅದನ್ನ ಬಿಡು."

"ನಾ ಅವರನ್ನ ಕಟ್ಟಿಕೊಂಡಾಕೀರಿ."

"ನೀ ಅವಗ ಪರೀಕ್ಷಾ. ಶಿವ ಕಳಿಸಿದ ಪರೀಕ್ಷಾ. ಅವ ಪಾಸಾಗಾಕತ್ತಾನ. ನೀ ಅಡ್ಡ ಬರಬ್ಯಾಡ."

ನಾನು ಮಾಧ್ಯಮಿಕ ಶಾಲೆಯಿಂದ ಡಿಗ್ರಿ ತನಕ ಎಷ್ಟೋ ಪರೀಕ್ಷೆ ಬರೆದವಳು. ಪ್ರಶ್ನೆಪತ್ರಿಕೆಯೇ ನಾನಾಗಬಹುದೆಂದು ಯಾರೂ ಹೇಳಿರಲಿಲ್ಲ. ಎದ್ದು ಹೊರಡುವಾಗ ಒಳಗಿನಿಂದ, "ಏ ಟೀಚರವ್ವ, ಇಲ್ಲಿ ಬಾ ಸ್ವಲ್ಪ" ಎಂಬ ದನಿ ಕೇಳಿತು. ಮಾಸ್ತರನ ಅಕ್ಕ. ಓಣಿಗೆಲ್ಲ ಆಕೆ ದೊಡ್ಡವ್ವ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು, ತಮ್ಮನ ಮನೆಗೆ ಬಂದು, ತಮ್ಮನ ಹೆಂಡತಿ ಮುದಗಲ್ಲಿನ ತವರಿಗೆ ಹೋದವಳು ತಿರುಗಿ ಬಾರದ ಮೇಲೆ ಅವನ ಒಲೆಯನ್ನೂ ನೋಡಿಕೊಂಡು ಮುದುಕಿಯಾದವಳು.

ಅಡುಗೆ ಕೋಣೆ ಕಿಟಕಿಯಿಲ್ಲದ ಕತ್ತಲೆ ಕೋಣೆ. ದೀಪ ಹಾಕದಿದ್ದರೆ ಹಗಲಿನಲ್ಲೂ ಏನೂ ಕಾಣುತ್ತಿರಲಿಲ್ಲ. ದೊಡ್ಡವ್ವ ದೀಪ ಹಾಕಿ, ಹಿಟ್ಟಿನ ಡಬ್ಬಿಯೊಳಗೆ ಕೈ ಹಾಕಿ, ಹಿಟ್ಟು ಮೆತ್ತಿದ ಒಂದು ಸಣ್ಣ ಭರಣಿ ತೆಗೆದಳು. ಮಾವಿನಕಾಯಿ ಉಪ್ಪಿನಕಾಯಿ. ತಣ್ಣಗಿನ ರೊಟ್ಟಿಗೆ ಒಂದು ಹೋಳು ಇಟ್ಟು ನನ್ನ ಕೈಗೆ ಕೊಟ್ಟು, ತಾನೂ ಒಂದು ಬಾಯಿಗೆ ಹಾಕಿಕೊಂಡಳು. ಉಪ್ಪು ಖಾರ ಇಲ್ಲದ ಮನೆಯೆಂದು ಊರಲ್ಲಿ ಹೆಸರಾಗಿದ್ದ ಮನೆ ಅದು. ಹೆಸರು ತಮ್ಮನದು, ಸಪ್ಪೆ ಊಟ ಅವಳದೂ. ಕದ್ದು ಉಪ್ಪಿನಕಾಯಿ ತಿನ್ನುವ ಆ ಅರವತ್ತೈದರ ಮುದುಕಿಯನ್ನು ನೋಡಿ ನನಗೆ ಅಳುವ ಹೊತ್ತಿನಲ್ಲಿ ನಗು ಬಂತು.

"ನಿನ್ನ ಗಂಡ ನಾಲಿಗಿ ಗೆದ್ದಾನಂತ ಬೀಗತಾನಲ್ಲ, ಅವಗ ನಾಲಿಗಿ ಐತಿ ಅದಕ್ಕ ಗೆದ್ದಾನ," ಎಂದು ದನಿ ತಗ್ಗಿಸಿ ಹೇಳಿದಳು. "ನನ್ನ ತಮ್ಮ ಏನ್ ಗೆದ್ದಾನ? ಹತ್ತೊಂಬತ್ತರಾಗ ವಿಷಮಜ್ವರ ಬಂದು ಸಾಯಾಕ ಬಿದ್ದಿದ್ದ. ಬದುಕಿದ. ಆದ್ರ ಬಾಯಿ ರುಚಿ ಹೋತು, ಮೂಗಿನ ವಾಸನಿ ಹೋತು. ಬೆಲ್ಲ ಕೊಟ್ರೂ ಅಷ್ಟ, ಮಣ್ಣ ಕೊಟ್ರೂ ಅಷ್ಟ. ಹಸಿವಿಲ್ಲದವ ಉಪಾಸ ಮಾಡಿದ್ರ ಅದೇನ್ ದೊಡ್ಡದವ್ವ?"

"ಮತ್ತ ಈ ಮಂದಿಗೆ ಗೊತ್ತಿಲ್ಲೇನು?"

"ಯಾರಿಗೂ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ. ನನ್ನ ಮ್ಯಾಲ ಆಣಿ."

ಆಣೆ ಹಾಕಿದೆ. ಮುರಿಯಲೆಂದೇ ಹಾಕಿದಂತಿತ್ತು.

ಮುಂದಿನ ತಿಂಗಳು ಗುರುಪೂರ್ಣಿಮೆ ಬಂತು. ಅಂದು ವರ್ಷಕ್ಕೊಮ್ಮೆ ಶಿಷ್ಯರ ಮನೆಯ ಹೆಂಗಸರು ಅಡುಗೆ ಮಾಡಿ ಬಡಿಸುವ ಪದ್ಧತಿ. ಮಾಸ್ತರ ಎಲ್ಲರ ಮುಂದೆ ಸಿಹಿ ಉಂಡು, ಉಣ್ಣುತ್ತಲೇ ಸಿಹಿಯನ್ನು ಹೇಗೆ ಗೆಲ್ಲಬೇಕೆಂದು ಉಪದೇಶ ಕೊಡುತ್ತಿದ್ದ. ಗೋಧಿ ಹುಗ್ಗಿ ನನ್ನ ಪಾಲಿಗೆ ಬಂತು. ಎಲ್ಲರಿಗೂ ಬೆಲ್ಲದ ಹುಗ್ಗಿಯನ್ನೇ ಮಾಡಿದೆ. ಮಾಸ್ತರನಿಗೆಂದು ಒಂದು ಸಣ್ಣ ಪಾತ್ರೆಯಲ್ಲಿ ಬೇರೆ ಮಾಡಿದೆ, ಬೆಲ್ಲದ ಬದಲು ಎರಡು ಹಿಡಿ ಉಪ್ಪು ಹಾಕಿ.

ಅವನು ಉಂಡ. ನಿಧಾನವಾಗಿ, ಕಣ್ಣು ಮುಚ್ಚಿ, ಒಂದು ತುತ್ತು, ಎರಡು ತುತ್ತು. "ಈ ಸಿಹಿ ಐತೆಲ್ಲ," ಎಂದು ಶುರು ಮಾಡಿದ, "ಇದು ನಾಲಿಗಿ ತುದಿಗೆ ನಿಂತು ಕರೀತೈತಿ. ನಾವು ಅದನ್ನ ಒಳಗ ಬಿಡಬಾರದು. ನೋಡ್ರಿ, ಈಗ ನಾ ಇದನ್ನ ಬಾಗಲಾಗ ನಿಲ್ಲಿಸೀನಿ." ನಾನು ಎದ್ದು ನಿಂತು, ಅವನ ಎಲೆಯ ಹುಗ್ಗಿಯ ಪ್ರಸಾದ ಎಲ್ಲರಿಗೂ ಬೇಕು ಎಂದೆ. ಪ್ರಸಾದವೆಂದ ಮೇಲೆ ಯಾರು ಬೇಡವೆನ್ನುತ್ತಾರೆ? ಮೊದಲು ಬಾಯಿಗೆ ಹಾಕಿಕೊಂಡವನು ಪಿಯು ಕಾಲೇಜಿನ ಉಪನ್ಯಾಸಕ, ಶಿಷ್ಯರಲ್ಲಿ ಹೆಚ್ಚು ಓದಿದವನು. ಅವನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು. ಆಮೇಲೆ ಉಳಿದವರು, ಕೊನೆಗೆ ನನ್ನ ಗಂಡ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರನಿಗೆ ಏನಾಯಿತೆಂದು ತಿಳಿಯಲಿಲ್ಲ. ಆದರೆ ಏನೋ ಆಗಿದೆಯೆಂದು ತಿಳಿಯಿತು. ಅವನ ಕೈ ಸೀಟಿಗೆ ಹೋಯಿತು.

ಈಗ ಮುಗಿಯಿತು, ಈಗ ಹೇಳುತ್ತಾರೆ ಎಂದು ನಾನು ಉಸಿರು ಹಿಡಿದು ನಿಂತಿದ್ದೆ. ಉಪನ್ಯಾಸಕ ಬಾಯೊಳಗಿನದನ್ನು ಕಷ್ಟಪಟ್ಟು ನುಂಗಿದ. ಕಣ್ಣಲ್ಲಿ ನೀರು ತಂದುಕೊಂಡ. ಆಮೇಲೆ ಎರಡೂ ಕೈ ಜೋಡಿಸಿ, "ಬರೇ ಉಪ್ಪು! ಬರೇ ಉಪ್ಪನ್ನ ಸಿಹಿ ಅಂತ ಉಂಡಾರ! ಉಪ್ಪು ಸಿಹಿ ಎರಡೂ ಒಂದಾಗೋದು ಅಂದ್ರ ಇದು. ಇಂಥಾ ಸಮಭಾವ ನಾ ಪುಸ್ತಕದಾಗ ಓದಿದ್ದೆ, ಇವತ್ತ ಕಣ್ಣಾರೆ ಕಂಡೆ" ಎಂದು ಮಾಸ್ತರನ ಕಾಲಿಗೆ ಬಿದ್ದ. ಒಬ್ಬೊಬ್ಬರಾಗಿ ಎಲ್ಲರೂ ಬಿದ್ದರು. ನನ್ನ ಗಂಡ ಎಲ್ಲರಿಗಿಂತ ಹೆಚ್ಚು ಹೊತ್ತು ಬಿದ್ದಿದ್ದ.

ಮಾಸ್ತರನ ಕೈ ಸೀಟಿಯಿಂದ ಇಳಿದು, ಆಶೀರ್ವಾದಕ್ಕೆ ಮೇಲೆ ಹೋಯಿತು. ಎಷ್ಟು ಸಲೀಸಾಗಿ ಹೋಯಿತೆಂದರೆ... ಅವನ ಮೇಲಿನ ನನ್ನ ಸಿಟ್ಟು ಆ ಕ್ಷಣದಲ್ಲಿ ಅಸಹ್ಯವಾಗಿ ಹೋಯಿತು. ಸಿಟ್ಟಾದರೆ ಇಳಿಯುತ್ತದೆ, ಅಸಹ್ಯ ಇಳಿಯುವುದಿಲ್ಲ.

ದೊಡ್ಡವ್ವ ಅಡುಗೆ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದಳು. ನಾನು ಪಾತ್ರೆ ಇಡಲು ಹೋದಾಗ, "ನನ್ನ ಬಾಯಿಗೆ ಮಣ್ಣ ಹಾಕಿದಿ ನೀ" ಎಂದಷ್ಟೇ ಅಂದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಅಂದು ಸಂಜೆ ಗಂಡನಿಗೆ ಸತ್ಯ ಹೇಳಿದೆ. ಉಪ್ಪು ಹಾಕಿದ್ದು ನಾನು, ನಿಮ್ಮ ಗುರುವಿಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ ಎಂದೆ. ಅವನು, "ನೀ ಎಷ್ಟರ ಮಟ್ಟಿಗೆ ಇಳಿದಿ ನೋಡು" ಎಂದ. ಉಪ್ಪಿನ ಮಾತನ್ನು ನಂಬಿದ, ಉಳಿದದ್ದನ್ನು ನಂಬಲಿಲ್ಲ. "ನಾ ನಿಮಗ ಬೇಕೋ ಬ್ಯಾಡೋ, ಒಂದ್ ಮಾತ ಹೇಳ್ರಿ" ಎಂದೆ. "ಇನ್ನೊಂದ ಬಾಗ್ಲ ಉಳಿದೈತಿ" ಎಂದ. ಮರುವಾರ ನಾನು ಮಸ್ಕಿಯಲ್ಲಿ ಶಾಲೆಯ ಹತ್ತಿರ, ಗುಡ್ಡ ಕಾಣುವ ಒಂದು ಕೋಣೆ ಹಿಡಿದು, ಎರಡು ಟ್ರಂಕಿನೊಡನೆ ಬಸ್ ಹತ್ತಿದೆ. ಅವನು ಟ್ರಂಕು ಎತ್ತಿಕೊಡಲು ಬಂದ. ಕೈಗೆ ಕೈ ತಾಗದಂತೆ ಎತ್ತಿಕೊಟ್ಟ.

ಆಮೇಲಿನದು ನಾನು ಕಣ್ಣಾರೆ ಕಂಡದ್ದಲ್ಲ. ಗಂಡ ಹೇಳಿದ್ದು.

ಶ್ರಾವಣದಲ್ಲಿ ಮೂಗಿನ ಬಾಗಿಲು ಶುರುವಾಗಿತ್ತು. ಮೊದಲು ಮಲ್ಲಿಗೆ ಹೂವು ಮುಂದಿಟ್ಟುಕೊಂಡು, ಮನಸ್ಸು ಅದರ ಕಡೆ ಹರಿಯದಂತೆ ಕೂಡುವುದು. ಆಮೇಲೆ ಕಾಸಿದ ತುಪ್ಪ. ಆಮೇಲೆ ಹೇಸಿಕೆಯ ವಾಸನೆಗಳು. ಹುಟ್ಟಿದಾಗಿನಿಂದ ಮೀನಿನ ಮುಖ ನೋಡದ ಈ ಶಿವಭಕ್ತರ ನಡುವೆ ಒಂದು ದಿನ ಸಂತೆಯಿಂದ ತಂದ ಒಣಮೀನಿನ ಪೊಟ್ಟಣ ಬಿಚ್ಚಿದನಂತೆ. ಇಬ್ಬರು ಎದ್ದು ಓಡಿ ಮಾಳಿಗೆಯ ಅಂಚಿನಲ್ಲಿ ವಾಂತಿ ಮಾಡಿದರು. ಮಾಸ್ತರ ಮಾತ್ರ ಗಂಧದ ಮುಂದೆ ಕೂತಂತೆ ಕೂತಿದ್ದ. ಯಾವ ವಾಸನೆ ಬಂದರೂ ಮುಖ ಅಲುಗಬಾರದು, ಕಣ್ಣು ತೆಗೆಯಬಾರದು, ಮೂರನೆಯ ಸೀಟಿಯ ತನಕ ಬಾಯಿ ಬಿಡಬಾರದು. ಇದು ಕಟ್ಟಳೆ. ಯಾವಾಗ ಯಾವ ವಾಸನೆ ಬರುತ್ತದೆಂದು ಮೊದಲೇ ಹೇಳುತ್ತಿರಲಿಲ್ಲ.

ಆ ಸೋಮವಾರ ಬೆಳಿಗ್ಗೆ ಮಳೆ. ಮಾಳಿಗೆ ಬಿಟ್ಟು ಕೆಳಗಿನ ಪಡಸಾಲೆಯಲ್ಲಿ ಕೂತಿದ್ದರು. ಎರಚಲು ಬರುತ್ತದೆಂದು ಕಿಟಕಿ ಬಾಗಿಲು ಮುಚ್ಚಿದ್ದವು. ದೊಡ್ಡವ್ವ ಸಣ್ಣ ಉರಿಯಲ್ಲಿ ಹಾಲು ಇಟ್ಟು, ಪೂಜೆಗೆ ಪತ್ರಿ ತರಲು ಹಿತ್ತಲ ಆಚೆಯ ಮನೆಗೆ ಹೋದಳು. ಅಲ್ಲಿ ಮಳೆ ಜೋರಾಗಿ ನಿಲ್ಲಬೇಕಾಯಿತು. ಹಾಲು ಉಕ್ಕಿ ಉರಿ ಆರಿತು. ಗ್ಯಾಸು ಬರುತ್ತಲೇ ಇತ್ತು.

ಪಡಸಾಲೆಗೆ ವಾಸನೆ ಬಂತು. ಒಂಬತ್ತು ಜನಕ್ಕೂ ಬಂತು. ಒಂಬತ್ತು ಜನವೂ ಕಣ್ಣು ಮುಚ್ಚಿಕೊಂಡು, ಇವತ್ತಿನ ಪರೀಕ್ಷೆ ಇದೇ ಎಂದುಕೊಂಡರು. ಉಪನ್ಯಾಸಕ ಒಮ್ಮೆ ಕಣ್ಣು ಅರ್ಧ ತೆಗೆದು ಮಾಸ್ತರನ ಕಡೆ ನೋಡಿದನಂತೆ. ಮಾಸ್ತರ ಕಲ್ಲಿನಂತೆ ಕೂತಿದ್ದ. ಗುರುವಿನ ಮುಖವೇ ಅಲುಗಿಲ್ಲ, ನಾನ್ಯಾಕೆ ಅಲುಗಲಿ? ಉಪನ್ಯಾಸಕ ಮತ್ತೆ ಕಣ್ಣು ಮುಚ್ಚಿದ. ದೇವರು ಮನುಷ್ಯನಿಗೆ ಮೂಗು ಕೊಟ್ಟದ್ದು ಇಂಥ ಹೊತ್ತಿನಲ್ಲಿ ಎಚ್ಚರಿಸಲಿಕ್ಕೇ ಅಲ್ಲವೆ? ಬಾಗಿಲಲ್ಲಿ ಬೊಗಳುವ ಆ ನಾಯಿಯನ್ನು ಒಂಬತ್ತು ಜನ ಸೇರಿ ಬಾಯಿ ಕಟ್ಟಿ ಕೂರಿಸಿದ್ದರು.

ದೊಡ್ಡವ್ವ ತೋಯಿಸಿಕೊಂಡು ಹಿತ್ತಲ ಬಾಗಿಲಿನಿಂದ ಬಂದಳು. ಆ ಕೋಣೆ ಕತ್ತಲೆ. ನಲವತ್ತು ವರ್ಷದ ರೂಢಿ, ಒಳಗೆ ಕಾಲಿಡುವ ಮೊದಲೇ ಅವಳ ಕೈ ದೀಪದ ಸ್ವಿಚ್ಚಿಗೆ ಹೋಗುತ್ತಿತ್ತು. ಹೋಯಿತು.

ಪಡಸಾಲೆಯವರು ಮುಂಬಾಗಿಲಿನಿಂದ ಓಡಿ ಉಳಿದುಕೊಂಡರು, ಸುಟ್ಟ ದೊಡ್ಡವ್ವನನ್ನು ರಾಯಚೂರಿನ ದವಾಖಾನೆಗೆ ಒಯ್ದರು. ಸುದ್ದಿ ಕೇಳಿ ನಾನು ಮಸ್ಕಿಯಿಂದ ಹೊರಟು ಹೋದೆ. ಮೈತುಂಬ ಬಿಳಿ ಬಟ್ಟೆ, ನಡುವೆ ಎರಡು ಕಣ್ಣು. ನಾನು ಹತ್ತಿರ ಬಗ್ಗಿ, "ದೊಡ್ಡವ್ವ, ನಾನು, ಟೀಚರು" ಎಂದೆ. ಗುರುತು ಹಿಡಿದಳು. "ಹಾಲು ಉಕ್ಕಿತವ್ವ... ನಂದ ತಪ್ಪು" ಎಂದಳು. ಆಮೇಲೆ ಬಹಳ ಹೊತ್ತು ಉಸಿರು ಕೂಡಿಸಿಕೊಂಡು, "ಅವಗ ವಾಸನಿ ಬರಂಗಿಲ್ಲಂತ ಯಾರ ಮುಂದೂ ಅನಬ್ಯಾಡ. ಮಂದಿ ಅವನ್ನ ಬೈತಾರ" ಎಂದಳು. ನಾನು ಹೂಂ ಎಂದೆ. ನಾಲ್ಕನೆಯ ದಿನ ಹೋದಳು.

ಮಣ್ಣು ಮಾಡಿದ ಮೂರನೆಯ ದಿನ ಮಾಸ್ತರನ ಮನೆಗೆ ಹೋದೆ. ಗೋಡೆಗಳು ಮಸಿ ಹಿಡಿದಿದ್ದವು. ಅವನು ಅದೇ ಕುರ್ಚಿಯಲ್ಲಿ ಕೂತಿದ್ದ, ಸುತ್ತ ಶಿಷ್ಯರು. ನನ್ನ ಗಂಡ ಮೂಲೆಯಲ್ಲಿ ಮೊಣಕಾಲ ನಡುವೆ ತಲೆ ಇಟ್ಟುಕೊಂಡಿದ್ದ. ಬಂದವರಿಗೆಲ್ಲ ಉಪನ್ಯಾಸಕ ಪಿಸುಮಾತಿನಲ್ಲಿ, "ನೋಡ್ರಿ, ಒಡಹುಟ್ಟಿದಾಕಿ ಹೋದ್ರೂ ಕಣ್ಣಾಗ ಒಂದ ಹನಿ ಇಲ್ಲ. ಸ್ಥಿತಪ್ರಜ್ಞ ಅಂದ್ರ ಇವರು" ಎನ್ನುತ್ತಿದ್ದ. ನಾನು ಒಳಗೆ ಬಂದದ್ದು ಕಂಡು ಮಾಸ್ತರ ಕುರ್ಚಿ ತಿರುಗಿಸಿಕೊಳ್ಳತೊಡಗಿದ. ಅಕ್ಕನನ್ನು ಹೂಳಿ ಮೂರೇ ದಿನ, ಇನ್ನೂ ಕುರ್ಚಿ ತಿರುಗಿಸುವ ನೇಮ ಬಿಟ್ಟಿರಲಿಲ್ಲ. ಆ ಕುರ್ಚಿಯ ಕಾಲು ನೆಲಕ್ಕೆ ಉಜ್ಜಿದ ಸದ್ದು ಕೇಳಿ ನನಗೆ ತಡೆಯಲಾಗಲಿಲ್ಲ.

"ಮಾಸ್ತರ್, ನಿಮಗ ವಾಸನಿ ಬರಂಗಿಲ್ಲ. ಹತ್ತೊಂಬತ್ತನೇ ವರ್ಷದಿಂದ ಬರಂಗಿಲ್ಲ. ಇದನ್ನ ಈ ಮಂದಿಗೆ ಮೊದಲ ಹೇಳಿದ್ರ ಅವತ್ತ ಒಬ್ಬರಾದ್ರೂ ಎದ್ದು ಹೋಗಿ ಗ್ಯಾಸ್ ಬಂದ್ ಮಾಡ್ತಿದ್ರು."

ಉಪನ್ಯಾಸಕ ಏನೋ ಅನ್ನಲು ಬಾಯಿ ತೆಗೆದ. ಇದಕ್ಕೂ ಒಂದು ಅರ್ಥ ಹಚ್ಚುತ್ತಿದ್ದನೋ ಏನೋ. ಮಾಸ್ತರ ಅವನಿಗೆ ಕೈ ಅಡ್ಡ ಮಾಡಿದ. ಕುರ್ಚಿಯನ್ನು ಅರ್ಧಕ್ಕೇ ಬಿಟ್ಟು, ನಾನು ಕಂಡಂತೆ ಮೊದಲ ಸಲ ಒಬ್ಬ ಹೆಂಗಸಿನ ಮುಖ ನೋಡಿದ.

"ಗೊತ್ತಿತ್ತವ್ವ," ಎಂದ. "ಮೊದ್ಲು ನಾಚಿಕಿ ಆಗ್ತಿತ್ತು. ಮಂದಿ ನಗ್ತಾರಂತ ಮುಚ್ಚಿಟ್ಟೆ. ಸಪ್ಪನದ ಉಂಡೆ, ಹಳಸಿದ್ದು ಉಂಡೆ, ಯಾರೋ ಒಬ್ಬವ ನೋಡಿ ಕೈ ಮುಗದ. ಆಮ್ಯಾಲ ಇನ್ನೊಬ್ಬ ಮುಗದ. ಅದರ ರುಚಿ ಒಂದ... ಅದೊಂದ ರುಚಿ ನನಗ ಹತ್ತಿತು."

ಅಷ್ಟು ಹೇಳಿ ಕೊರಳಿನ ಸೀಟಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಆಗಲೂ ಅವನ ಕಣ್ಣಲ್ಲಿ ನೀರು ಬರಲಿಲ್ಲ. ಆ ಬಾಗಿಲು ಮಾತ್ರ ಅವನು ನಿಜವಾಗಿ ಮುಚ್ಚಿದ್ದನೋ, ಅಥವಾ ಅಲ್ಲೂ ಮೊದಲಿನಿಂದ ಏನೂ ಇರಲಿಲ್ಲವೋ, ನನಗೆ ತಿಳಿಯದು. ಸತ್ಯ ಹೇಳಿದನೆಂದು ಅವನನ್ನು ಕ್ಷಮಿಸುವಷ್ಟು ದೊಡ್ಡವಳು ನಾನಲ್ಲ. ಒಂದು ಹೆಣ ಬೀಳುವ ತನಕ ಕಾದು ಹೇಳಿದ ಸತ್ಯಕ್ಕೆ ಏನು ಬೆಲೆ?

ಶಿಷ್ಯರು ಬರುವುದು ನಿಂತಿತು. ನನ್ನ ಗಂಡ ಒಂದು ದಿನ ಮಸ್ಕಿಗೆ ಬಂದು ನನ್ನ ಕೋಣೆಯ ಹೊರಗೆ ನಿಂತ. "ನನಗ ವಾಸನಿ ಬಂದಿತ್ತು," ಎಂದ. "ನೀ ಅವತ್ತ ಹೇಳಿದ್ದು ನೆನಪೂ ಆಗಿತ್ತು. ಆದ್ರೂ ಕೂತೆ. ನಾ ಪಾಸಾಗಬೇಕಂತ ಕೂತೆ." ಬಾ ಎಂದು ಕರೆಯಲಿಲ್ಲ. ಮರುವಾರ ಮತ್ತೆ ಬಂದು ನಿಂತ. ವರ್ಷದ ಮೇಲೆ ನಾನು ಬಾಗಿಲು ತೆಗೆದೆ. ಈಗ ಇಬ್ಬರೂ ಸಿಂಧನೂರಿನಲ್ಲಿದ್ದೇವೆ, ಅವನ ಅಂಗಡಿಯೂ ಇಲ್ಲೇ. ಮಕ್ಕಳಾಗಲಿಲ್ಲ. ಬಿಟ್ಟುಹೋದ ಆಸೆಯನ್ನು ಬಾ ಎಂದು ಕರೆದರೆ ಅದು ಸೀಟಿಗೆ ಓಡಿಬರುವ ಹುಡುಗನಲ್ಲ. ಬಂತು, ತಡವಾಗಿ, ಅಂಜುತ್ತ... ಅಷ್ಟು ಹೊತ್ತಿಗೆ ಬೇರೆ ಕೆಲವು ಮುಗಿದು ಹೋಗಿದ್ದವು.

ಮಾಸ್ತರನನ್ನು ಆಮೇಲೆ ಒಮ್ಮೆ ಮಾತ್ರ ನೋಡಿದೆ, ಮಸ್ಕಿಯ ಬಸ್‌ಸ್ಟ್ಯಾಂಡಿನ ಹತ್ತಿರದ ಮಿರ್ಚಿ ಬಂಡಿಯ ಮುಂದೆ. ಅಂಗಿ ಕೊಳೆಯಾಗಿತ್ತು, ಎದೆ ಬಾಗಿತ್ತು. ಕೈಯಲ್ಲಿ ಅರ್ಧ ಕಚ್ಚಿದ ಮಿರ್ಚಿ. ಪಕ್ಕದಲ್ಲಿ ನಿಂತು ತಿನ್ನುತ್ತಿದ್ದ ಯಾರೋ ಒಬ್ಬನನ್ನು, "ಖಾರ ಐತೇನ್ರಿ ಇವತ್ತ?" ಎಂದು ಕೇಳುತ್ತಿದ್ದ. ಅವನು "ಭಾರೀ ಐತ್ರಿ" ಎಂದು ಖಾರಕ್ಕೆ ಉಸ್ಸೆನ್ನುತ್ತ ಹೇಳಿದ. ಮಾಸ್ತರ ಆ ಅಪರಿಚಿತನ ಬಾಯನ್ನೇ ನೋಡುತ್ತ, ತನ್ನದನ್ನು ಅಗಿಯುತ್ತ ನಿಂತಿದ್ದ. ಕನಿಕರ ಪಡಬೇಕಾದ ನೋಟ ಎಂದು ನನಗೆ ಗೊತ್ತಾಯಿತು. ಪಡಲು ಆಗಲಿಲ್ಲ. ಬಸ್ ಬಂತು, ಹತ್ತಿದೆ. ಅವನು ಸತ್ತದ್ದು ಎರಡು ವರ್ಷದ ಹಿಂದೆ.

ಹತ್ತಿಪ್ಪತ್ತು ವರ್ಷ ಕಳೆದರೆ ಎಂಥವನಿಗೂ ಹಾರ ಬೀಳುತ್ತದೆ. ಮೊನ್ನೆ ಭಾನುವಾರ ಆ ಉಪನ್ಯಾಸಕ ಫೋನು ಮಾಡಿದ್ದ. ಅವನೂ ಈಗ ನಿವೃತ್ತ. ಹಳೆಯ ಶಿಷ್ಯರೆಲ್ಲ ಸೇರಿ ಗುರುಗಳ ಬಗ್ಗೆ ಒಂದು ಸಣ್ಣ ಪುಸ್ತಕ ತರಾಕತ್ತೀವಿ, ನಿಮ್ಮ ನೆನಪೂ ಎರಡು ಪುಟ ಬರೆದುಕೊಡ್ರಿ, ಕಹಿ ಎಲ್ಲ ಬಿಟ್ಟು ಬರೀರಿ ಎಂದ. ಬರೆಯುತ್ತೇನೆ, ಆದರೆ ಅದರಲ್ಲಿ ದೊಡ್ಡವ್ವನ ಫೋಟೋ ಹಾಕಬೇಕು ಎಂದೆ.

"ಯಾವ ದೊಡ್ಡವ್ವ?"

ಆ ಕಡೆ ಅವನು ನೆನಪು ಮಾಡಿಕೊಳ್ಳುವುದು ಕೇಳಿಸುತ್ತಿತ್ತು. "ಓ... ಅಡಗಿ ಮಾಡ್ತಿದ್ಲಲ್ಲ, ಆ ಮುದುಕಿ. ಫೋಟೋ ಯಾರ ಹತ್ರನೂ ಇರಲಿಕ್ಕಿಲ್ಲ ಬಿಡ್ರಿ. ಹೆಸರು ಹೇಳ್ರಿ, ಕೊನೀ ಪುಟದಾಗ ಒಂದ ಸಾಲು ಹಾಕಸ್ತೀನಿ."

ಅವನಿಗೆ ಚುರುಕ್ಕೆನ್ನುವ ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದಕ್ಕೂ ಮೊದಲು ಹೆಸರು ಹೇಳೋಣವೆಂದು ಬಾಯಿ ತೆಗೆದೆ. ತೆಗೆದದ್ದು ಹಾಗೇ ಉಳಿಯಿತು. ಗಂಡನ ಕಡೆ ತಿರುಗಿ, "ದೊಡ್ಡವ್ವನ ಹೆಸರು ಏನಿತ್ರಿ?" ಎಂದು ಕೇಳಿದೆ. ಅವನು ಕೈಯಲ್ಲಿದ್ದ ಪೇಪರು ಕೆಳಗಿಟ್ಟು, ನನ್ನ ಮುಖ ನೋಡಿ, ನಿಧಾನವಾಗಿ ತಲೆ ಅಲ್ಲಾಡಿಸಿದ.

ನಾನು ಅವಳ ಮೇಲೆ ಆಣೆ ಹಾಕಿದ್ದೆ, ಅವಳ ಹಾಸಿಗೆಯ ಹತ್ತಿರ ಬಗ್ಗಿ ಕೂತಿದ್ದೆ. ಒಂದು ದಿನವೂ ಹೆಸರು ಕೇಳಿರಲಿಲ್ಲ.

"ಹಲೋ," ಎನ್ನುತ್ತಿದ್ದ ಅವನು, "ಹಲೋ... ಹೆಸರು ಹೇಳ್ರಿ ಟೀಚರ್, ಬರಕೊಳ್ತೀನಿ."